ಪರಿಸರ ನೀತಿಯನ್ನು ಪದವಿಯಲ್ಲಿ ಓದುವುದು ಹೇಗೆ: ಪಿಯುಸಿಯಿಂದ ಅಂತಿಮ ವರ್ಷದ ಪ್ರಬಂಧದವರೆಗೆ

ದ್ವಿತೀಯ ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಪ್ರತಿವರ್ಷವೂ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತದೆ. ಪರಿಸರದ ವಿಷಯದಲ್ಲಿ ಆಸಕ್ತಿ ಇದೆ, ಆದರೆ ಪ್ರಯೋಗಾಲಯಕ್ಕಿಂತ ಕಾನೂನು, ಸರ್ಕಾರದ ನಿರ್ಧಾರ, ಯೋಜನೆಗಳ ಸಾಧಕ ಬಾಧಕ ಇವುಗಳ ಕಡೆಯಿಂದ ಓದಬೇಕೆಂದಿದೆ. ಯಾವ ಪದವಿಗೆ ಸೇರಬೇಕು, ಓದಿದ ಮೇಲೆ ಏನು ಕೆಲಸ ಸಿಗುತ್ತದೆ ಎಂಬುದು ಆ ಪ್ರಶ್ನೆ. ಇದಕ್ಕೆ ಒಂದು ಸಾಲಿನ ಉತ್ತರ ಕೊಡಲು ಸಾಧ್ಯವಿಲ್ಲ, ಏಕೆಂದರೆ ಕರ್ನಾಟಕದ ಬಹುಪಾಲು ಪದವಿ ಕಾಲೇಜುಗಳಲ್ಲಿ ಪರಿಸರ ನೀತಿ ಎಂಬ ಹೆಸರಿನ ವಿಷಯವೇ ಇಲ್ಲ. ಆದ್ದರಿಂದ ನೀವು ಒಂದು ಮುಖ್ಯ ಪದವಿಯನ್ನು ಆರಿಸಿಕೊಂಡು, ಅದರ ಸುತ್ತ ಕಾನೂನು, ಅರ್ಥಶಾಸ್ತ್ರ, ಪ್ರಾಥಮಿಕ ವಿಜ್ಞಾನ ಮತ್ತು ಸರ್ಕಾರಿ ಕಡತಗಳನ್ನು ಓದುವ ಅಭ್ಯಾಸ ಈ ನಾಲ್ಕನ್ನೂ ಸ್ವಂತ ಶ್ರಮದಿಂದ ಕೂಡಿಸಿಕೊಳ್ಳಬೇಕಾಗುತ್ತದೆ. ಮೊದಲ ಮೂರಕ್ಕೆ ತರಗತಿಗಳು ಸಿಗುತ್ತವೆ. ನಾಲ್ಕನೆಯದನ್ನು ಪೂರ್ತಿಯಾಗಿ ಕಲಿಸುವ ಕಾಲೇಜು ಅಪರೂಪ. ಹಾಗಾಗಿ ಈ ಲೇಖನದಲ್ಲಿ ಹೆಚ್ಚು ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

1. ನಿಮಗೆ ಬೇಕಿರುವುದು ಪರಿಸರ ನೀತಿಯೇ ಎಂದು ಖಚಿತಪಡಿಸಿಕೊಳ್ಳಿ

ಪರಿಸರ ನೀತಿ ಎಂದರೆ ನೆಲ, ನೀರು, ಗಾಳಿ, ಕಾಡುಗಳ ವಿಷಯದಲ್ಲಿ ಸರ್ಕಾರ ಮಾಡುವ ನಿಯಮ, ಕೊಡುವ ಅನುಮತಿ, ವಿಧಿಸುವ ದಂಡ ಮತ್ತು ಖರ್ಚು ಮಾಡುವ ಹಣದ ಅಧ್ಯಯನ. ಪರಿಸರ ವಿಜ್ಞಾನ ಮತ್ತು ಪರಿಸರ ಎಂಜಿನಿಯರಿಂಗ್ ಇದರ ನೆರೆಯ ವಿಷಯಗಳಾದರೂ ಕೇಳುವ ಪ್ರಶ್ನೆಗಳು ಬೇರೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ತೆಗೆದುಕೊಳ್ಳಿ. ಆ ಕೆರೆಯ ಕೋಡಿಯಲ್ಲಿ ನೊರೆ ಏಳುವುದಕ್ಕೂ 2017ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡದ್ದಕ್ಕೂ ಕಾರಣ ಹುಡುಕುವಾಗ ವಿಜ್ಞಾನದ ವಿದ್ಯಾರ್ಥಿ ನೀರಿನಲ್ಲಿರುವ ಮಾರ್ಜಕಗಳ ಅಂಶ, ಫಾಸ್ಫರಸ್ ಪ್ರಮಾಣ, ಕಳೆಯ ಬೆಳವಣಿಗೆ ಇವುಗಳನ್ನು ಅಳೆಯುತ್ತಾನೆ. ಎಂಜಿನಿಯರಿಂಗ್ ವಿದ್ಯಾರ್ಥಿನಿ ಕೊಳಚೆ ನೀರು ಶುದ್ಧೀಕರಣ ಘಟಕದ ಸಾಮರ್ಥ್ಯ ಎಷ್ಟಿರಬೇಕೆಂದು ಲೆಕ್ಕ ಹಾಕುತ್ತಾಳೆ. ನೀತಿಯ ವಿದ್ಯಾರ್ಥಿಯ ಮುಂದಿರುವ ಪ್ರಶ್ನೆಗಳೆಂದರೆ, ಸಂಸ್ಕರಿಸದ ಕೊಳಚೆ ಕೆರೆಗೆ ಹರಿಯದಂತೆ ತಡೆಯುವ ಹೊಣೆ ಜಲಮಂಡಳಿಯದೋ, ಕೆರೆಯ ಉಸ್ತುವಾರಿ ಹೊತ್ತ ಪ್ರಾಧಿಕಾರದ್ದೋ, ಮಾಲಿನ್ಯ ನಿಯಂತ್ರಣ ಮಂಡಳಿಯದೋ. ಕಾನೂನು ಇದ್ದೂ ಅದು ಜಾರಿಯಾಗದಿರಲು ಕಾರಣವೇನು. ಅಪಾರ್ಟ್‌ಮೆಂಟುಗಳ ಮೇಲೆ ಶುದ್ಧೀಕರಣ ಘಟಕದ ಹೊರೆ ಹಾಕುವುದು ಮತ್ತು ಮಾರ್ಜಕಗಳ ಮಾನದಂಡವನ್ನು ಬಿಗಿಗೊಳಿಸುವುದು ಇವೆರಡರಲ್ಲಿ ಯಾವುದರಿಂದ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಸಿಗುತ್ತದೆ. ಈ ಪ್ರಶ್ನೆಗಳು ನಿಮ್ಮನ್ನು ಎಳೆಯುತ್ತಿದ್ದರೆ ಮುಂದೆ ಓದಿ. ಮೊದಲ ಎರಡು ಬಗೆಯ ಕೆಲಸವೇ ಹೆಚ್ಚು ಹಿಡಿಸಿದರೆ ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿ, ನೀತಿಯನ್ನು ಸ್ನಾತಕೋತ್ತರ ಹಂತಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ. ಎಲ್ಲ ಪದವಿಗಳಲ್ಲೂ ಪರಿಸರ ಅಧ್ಯಯನ ಎಂಬ ಕಡ್ಡಾಯ ಪತ್ರಿಕೆ ಇರುತ್ತದೆ. ಸುಪ್ರೀಂ ಕೋರ್ಟ್ ನಿರ್ದೇಶನದ ಮೇರೆಗೆ ಯುಜಿಸಿ ಜಾರಿಗೆ ತಂದ ಈ ಪತ್ರಿಕೆ ಎಲ್ಲರಿಗೂ ಇರಬೇಕಾದ ಸಾಮಾನ್ಯ ಅರಿವಿಗಾಗಿ ಇರುವಂಥದ್ದು. ಅದನ್ನು ನೋಡಿ ಪರಿಸರ ನೀತಿ ಇಷ್ಟೇ ಎಂದು ತಿಳಿಯಬೇಡಿ, ಅದು ಇದೆಯೆಂಬ ಕಾರಣಕ್ಕೆ ಯಾವ ಕಾಲೇಜನ್ನೂ ಆರಿಸಬೇಡಿ.

2. ಪಿಯುಸಿಯ ಆಯ್ಕೆಯಿಂದ ಯಾವ ಬಾಗಿಲು ಮುಚ್ಚುತ್ತದೆ ಎಂದು ಮೊದಲೇ ತಿಳಿಯಿರಿ

ಕಲಾ, ವಾಣಿಜ್ಯ, ವಿಜ್ಞಾನ ಈ ಮೂರೂ ವಿಭಾಗಗಳಿಂದ ಪರಿಸರ ನೀತಿಯ ಕಡೆಗೆ ದಾರಿ ಇದೆ. ಕಲಾ ಅಥವಾ ವಾಣಿಜ್ಯ ವಿಭಾಗದವರು ಅರ್ಥಶಾಸ್ತ್ರವನ್ನು ಬಿಡಬಾರದು. ಸಾಧ್ಯವಿದ್ದರೆ ಸಂಖ್ಯಾಶಾಸ್ತ್ರ ಅಥವಾ ಮೂಲ ಗಣಿತವನ್ನೂ ಜೊತೆಗಿಟ್ಟುಕೊಳ್ಳಬೇಕು. ಲೆಕ್ಕದಿಂದ ತಪ್ಪಿಸಿಕೊಳ್ಳಲು ನೀತಿಯ ಕಡೆಗೆ ಬರುವವರು ಮೂರನೆಯ ವರ್ಷದಲ್ಲಿ ಕಷ್ಟಪಡುವುದನ್ನು ನೋಡುತ್ತಲೇ ಇದ್ದೇನೆ.

ಅತಿ ಹೆಚ್ಚು ಮಂದಿ ಎಡವುವುದು ಅರಣ್ಯ ಸೇವೆಯ ವಿಷಯದಲ್ಲಿ. ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಯಾವ ಪದವಿಯಾದರೂ ಸಾಲದು. ಪಶುಸಂಗೋಪನೆ ಮತ್ತು ಪಶುವೈದ್ಯಕೀಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಈ ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ ಎಂಬುದನ್ನು ಗಮನಿಸಿ. ಅರಣ್ಯ ಸೇವೆಯ ಆಸೆ ಮನಸ್ಸಿನಲ್ಲಿದ್ದೂ ಈ ವಿಷಯಗಳಲ್ಲಿ ಒಂದೂ ಇಲ್ಲದ ಬಿ.ಎ.ಗೆ ಸೇರಿದವರಿಗೆ ಮುಂದೆ ಆ ಪರೀಕ್ಷೆಯ ಅರ್ಜಿಯನ್ನೇ ತುಂಬಲಾಗುವುದಿಲ್ಲ. ಬಿ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನವನ್ನು ತೆಗೆದುಕೊಳ್ಳುವವರು ಜೊತೆಯ ವಿಷಯಗಳಲ್ಲಿ ಒಂದಾದರೂ ಈ ಪಟ್ಟಿಯಲ್ಲಿರುವಂತೆ ನೋಡಿಕೊಳ್ಳಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ತಾಂತ್ರಿಕ ಹುದ್ದೆಗಳಿಗೂ ಸಾಮಾನ್ಯವಾಗಿ ಎಂಜಿನಿಯರಿಂಗ್ ಪದವಿ ಅಥವಾ ವಿಜ್ಞಾನದ ಸ್ನಾತಕೋತ್ತರ ಪದವಿ ಕೇಳುತ್ತಾರೆ.

3. ಮುಖ್ಯ ಪದವಿಯನ್ನು ಆರಿಸಿ

ಕರ್ನಾಟಕದ ವಿದ್ಯಾರ್ಥಿಗೆ ವಾಸ್ತವದಲ್ಲಿ ತೆರೆದಿರುವ ದಾರಿಗಳು ನಾಲ್ಕು.

ಮೊದಲನೆಯದು ಸರ್ಕಾರಿ ಅಥವಾ ಅನುದಾನಿತ ಕಾಲೇಜಿನ ಬಿ.ಎ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭೂಗೋಳ ಈ ಮೂರು ಒಟ್ಟಿಗೆ ಸಿಗುವ ಕಾಲೇಜು ನಿಮ್ಮ ಜಿಲ್ಲೆಯಲ್ಲಿದ್ದರೆ ಅದನ್ನು ಕಡೆಗಣಿಸಬೇಡಿ. ಶುಲ್ಕ ಕಡಿಮೆ, ಕನ್ನಡದಲ್ಲಿ ಪರೀಕ್ಷೆ ಬರೆಯಬಹುದು, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ನೆರವಿಗೆ ಅರ್ಜಿ ಹಾಕಬಹುದು. ನನ್ನ ಅಭಿಪ್ರಾಯದಲ್ಲಿ, ಮುಂದೆ ಕಾನೂನು ಅಥವಾ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ ಮಾಡುವ ನಿರ್ಧಾರವಿರುವವರಿಗೆ ದುಬಾರಿ ಶುಲ್ಕದ ಹೊಸ ಹೆಸರಿನ ಪದವಿಗಿಂತ ಇದು ಗಟ್ಟಿಯಾದ ತಳಹದಿ. 2024–25ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಇಂಥ ಪದವಿಗಳು ಮತ್ತೆ ಮೂರು ವರ್ಷದ್ದಾಗಿವೆ. ಹೊರದೇಶದ ಕೆಲವು ಸ್ನಾತಕೋತ್ತರ ಕೋರ್ಸುಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುವುದರಿಂದ, ಅಂಥ ಉದ್ದೇಶವಿರುವವರು ಇದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದು ಐದು ವರ್ಷದ ಕಾನೂನು ಪದವಿ. ಯಾವ ವಿಭಾಗದಲ್ಲಿ ಪಿಯುಸಿ ಮುಗಿಸಿದವರೂ ಸೇರಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳು ರಾಜ್ಯದ ಎಲ್ಲೆಡೆ ಇವೆ. ಪದವಿ ಮುಗಿಸಿದ ಮೇಲೆ ಮೂರು ವರ್ಷದ ಎಲ್.ಎಲ್.ಬಿ.ಗೂ ಸೇರಬಹುದಾದ್ದರಿಂದ, ಹದಿನೆಂಟನೆಯ ವಯಸ್ಸಿಗೇ ಇದನ್ನು ನಿರ್ಧರಿಸಬೇಕೆಂಬ ಆತುರ ಬೇಡ. ಕಾನೂನು ಕಾಲೇಜಿಗೆ ಸೇರುವ ಮುನ್ನ ಅದಕ್ಕೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕಡ್ಡಾಯವಾಗಿ ನೋಡಿ.

ಮೂರನೆಯದು ವಿಜ್ಞಾನದ ದಾರಿ. ಪರಿಸರ ವಿಜ್ಞಾನ ಒಂದು ವಿಷಯವಾಗಿರುವ ಬಿ.ಎಸ್ಸಿ., ಇಲ್ಲವೇ ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಲ್ಲಿ ಸಿಗುವ ನಾಲ್ಕು ವರ್ಷದ ಅರಣ್ಯಶಾಸ್ತ್ರ ಪದವಿ. ಅರಣ್ಯಶಾಸ್ತ್ರಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಪ್ರವೇಶ. ಅರಣ್ಯಶಾಸ್ತ್ರ ಓದಿದವರಿಗೆ ಕಾಡಿನ ಆಡಳಿತ ಒಳಗಿನಿಂದ ಅರ್ಥವಾಗುತ್ತದೆ. ನೀತಿಯ ಬಗ್ಗೆ ಮಾತನಾಡುವ ಅನೇಕರಲ್ಲಿ ಇಲ್ಲದ ಅರಿವು ಅದು.

ನಾಲ್ಕನೆಯದು ಪರಿಸರವನ್ನೇ ಮುಖ್ಯ ವಿಷಯವಾಗಿ ಕಲಿಸುವ ಖಾಸಗಿ ವಿಶ್ವವಿದ್ಯಾಲಯಗಳು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಮತ್ತು ಸುಸ್ಥಿರತೆಯ ಪದವಿ ಇದೆ. ಕುಟುಂಬದ ಆದಾಯವನ್ನು ನೋಡಿ ಶುಲ್ಕದ ನೆರವನ್ನೂ ಕೊಡುತ್ತಾರೆ. ಬೇರೆ ಕಡೆ ಸೇರುವುದಾದರೆ ನಾಲ್ಕು ವರ್ಷದ ಒಟ್ಟು ಶುಲ್ಕ, ವಸತಿ ವೆಚ್ಚ, ನೆರವಿನ ಷರತ್ತು ಇಷ್ಟನ್ನೂ ಬರಹದಲ್ಲಿ ಪಡೆದ ನಂತರವೇ ಮುಂಗಡ ಕಟ್ಟಿ. ಅಮೆರಿಕದಂಥ ದೇಶಗಳಲ್ಲಿ ಪರಿಸರ ನೀತಿ ಪದವಿಯ ಮುಖ್ಯ ವಿಷಯವಾಗಿಯೇ ಸಿಗುತ್ತದೆ, ಆದರೆ ಅಲ್ಲಿ ಕಲಿಸುವುದು ಆ ದೇಶದ ಕಾನೂನನ್ನು. ಇಲ್ಲಿಗೆ ಮರಳಿ ಕೆಲಸ ಮಾಡುವವರು ಮುಂದೆ 5ನೆಯ ಹಂತದಲ್ಲಿ ಹೇಳಿರುವುದನ್ನು ತಾವಾಗಿಯೇ ಓದಿಕೊಳ್ಳಬೇಕು.

4. ಶುಲ್ಕ ಕಟ್ಟುವ ಮುನ್ನ ಪಠ್ಯಕ್ರಮವನ್ನು ತರಿಸಿ ಓದಿ

ಕೋರ್ಸಿನ ಹೆಸರಿನಲ್ಲಿ ಸುಸ್ಥಿರತೆ, ಹವಾಮಾನ ಎಂಬ ಪದಗಳಿದ್ದ ಮಾತ್ರಕ್ಕೆ ಒಳಗೆ ನೀತಿ ಇರುತ್ತದೆಂದಲ್ಲ. ಎಲ್ಲ ಸೆಮಿಸ್ಟರ್‌ಗಳ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು, ಭಾರತದ ಪರಿಸರ ಕಾನೂನಿಗೆ ಒಂದು ಪೂರ್ಣ ಪತ್ರಿಕೆ ಇದೆಯೇ, ಪರಿಸರ ಅರ್ಥಶಾಸ್ತ್ರ ಇದೆಯೇ, ಸಂಖ್ಯಾಶಾಸ್ತ್ರ ಮತ್ತು ನಕ್ಷೆ ತಯಾರಿಕೆಯ ತರಬೇತಿ ಇದೆಯೇ, ಅಂತಿಮ ವರ್ಷದಲ್ಲಿ ಕ್ಷೇತ್ರಕಾರ್ಯವಿರುವ ಪ್ರಬಂಧ ಇದೆಯೇ ಎಂದು ನೋಡಿ. ಪಂಚಾಯತಿ ಮತ್ತು ನಗರಸಭೆಗಳ ಅಧಿಕಾರದ ಬಗ್ಗೆ ಪಾಠವಿದ್ದರೆ ಅದು ಒಳ್ಳೆಯ ಗುರುತು, ಏಕೆಂದರೆ ಕಸ, ಕೆರೆ, ಕುಡಿಯುವ ನೀರು ಮೂರೂ ಕೊನೆಗೆ ಬಂದು ನಿಲ್ಲುವುದು ಸ್ಥಳೀಯ ಸಂಸ್ಥೆಗಳ ಮೇಜಿನ ಮೇಲೆ. ಇವುಗಳಲ್ಲಿ ಎರಡು ಕೂಡ ಇಲ್ಲದಿದ್ದರೆ ಆ ಕೋರ್ಸನ್ನು ಬಿಡುವುದೇ ವಾಸಿ. ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದೆಯೇ ಎಂಬುದನ್ನೂ ಆಗಲೇ ಪರಿಶೀಲಿಸಿ.

5. ಕಾಯ್ದೆಗಳನ್ನು ಹುಟ್ಟಿದ ಕ್ರಮದಲ್ಲಿ ಓದಿ

ಮೊದಲ ವರ್ಷದಲ್ಲಿ ನೀವೇ ಮಾಡಬಹುದಾದ, ಮಾಡಲೇಬೇಕಾದ ಕೆಲಸ ಇದು. ಮೊದಲು ನಾಲ್ಕು ಪದಗಳ ವ್ಯತ್ಯಾಸ ತಿಳಿದಿರಲಿ. ಕಾಯ್ದೆಯನ್ನು ಸಂಸತ್ತು ಅಥವಾ ವಿಧಾನಮಂಡಲ ಮಾಡುತ್ತದೆ. ಆ ಕಾಯ್ದೆ ಕೊಟ್ಟ ಅಧಿಕಾರದ ಅಡಿಯಲ್ಲಿ ಸರ್ಕಾರ ಮಾಡುವುದು ನಿಯಮ. ರಾಜ್ಯಪತ್ರದಲ್ಲಿ ಪ್ರಕಟವಾಗಿ ಜಾರಿಗೆ ಬರುವ ಆದೇಶ ಅಧಿಸೂಚನೆ. ಇಲಾಖೆ ತನ್ನ ಅಧಿಕಾರಿಗಳಿಗೆ ಕಳುಹಿಸುವ ಸೂಚನೆ ಸುತ್ತೋಲೆ. ಪರಿಸರದ ವಿಷಯದಲ್ಲಿ ಬಹುಪಾಲು ಬದಲಾವಣೆ ಆಗುವುದು ಅಧಿಸೂಚನೆ ಮತ್ತು ಸುತ್ತೋಲೆಗಳ ಮೂಲಕ, ಸಂಸತ್ತಿನಲ್ಲಿ ಚರ್ಚೆಯಿಲ್ಲದೆ. ಕಾಯ್ದೆಯನ್ನಷ್ಟೇ ಓದಿ ನಿಲ್ಲಿಸಿದವರಿಗೆ ಇದು ಕಾಣುವುದೇ ಇಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ, ಜಲಮಾಲಿನ್ಯ ಕಾಯ್ದೆ 1974ರಲ್ಲಿ ಬಂದವು. 1976ರ 42ನೆಯ ತಿದ್ದುಪಡಿ ಸಂವಿಧಾನಕ್ಕೆ 48ಎ ಮತ್ತು 51ಎ(ಜಿ) ವಿಧಿಗಳನ್ನು ಸೇರಿಸಿತು; ಪರಿಸರವನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದು ಮೊದಲನೆಯದೂ ನಾಗರಿಕರ ಕರ್ತವ್ಯ ಎಂದು ಎರಡನೆಯದೂ ಹೇಳುತ್ತವೆ. ಅರಣ್ಯ ಮತ್ತು ವನ್ಯಜೀವಿಗಳನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿಗೆ, ತಂದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಆ ಬದಲಾವಣೆಯ ನೇರ ಮುಂದುವರಿಕೆ. 1981ರಲ್ಲಿ ವಾಯುಮಾಲಿನ್ಯ ಕಾಯ್ದೆ, 1984ರ ಭೋಪಾಲ ದುರಂತದ ನಂತರ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದವು. ಆಮೇಲಿನವು 2002ರ ಜೀವವೈವಿಧ್ಯ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ, 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ. ಈ ಕ್ರಮದಲ್ಲಿ ಓದಿದರೆ ಒಂದೊಂದು ಕಾಯ್ದೆಯೂ ಯಾವ ಕೊರತೆಗೆ ಉತ್ತರವಾಗಿ ಬಂತು ಎಂಬುದು ತಿಳಿಯುತ್ತದೆ. 1980ರ ಕಾಯ್ದೆ ಕಾಡನ್ನು ಬೇರೆ ಉದ್ದೇಶಕ್ಕೆ ಬಳಸುವುದಕ್ಕೆ ಕೇಂದ್ರದ ಒಪ್ಪಿಗೆ ಬೇಕೆಂದಿತು, ಆದರೆ ಆ ಕಾಡಿನಲ್ಲಿ ಬದುಕುವವರ ಮಾತು ಅದರಲ್ಲಿರಲಿಲ್ಲ. 2006ರ ಕಾಯ್ದೆ ಆ ಜನರ ಹಕ್ಕನ್ನು ಗುರುತಿಸಿ, ಗ್ರಾಮಸಭೆಗೆ ಸ್ಥಾನ ಕೊಟ್ಟಿತು. ಅರಣ್ಯ ಕಾಯ್ದೆಗೆ 2023ರಲ್ಲಿ ದೊಡ್ಡ ತಿದ್ದುಪಡಿಯಾಗಿ ಹೆಸರೂ ಬದಲಾಗಿದೆ. ಆದ್ದರಿಂದ ಹಳೆಯ ಪುಸ್ತಕದಲ್ಲಿರುವ ಪಾಠವನ್ನು ಇಂಡಿಯಾ ಕೋಡ್ ಜಾಲತಾಣದಲ್ಲಿರುವ ಈಗಿನ ಪಾಠದೊಡನೆ ಹೋಲಿಸದೆ ಉಲ್ಲೇಖಿಸಬೇಡಿ.

ತೀರ್ಪುಗಳಲ್ಲಿ ಮೊದಲು ಓದಬೇಕಾದದ್ದು 1980ರ ರತ್ಲಾಂ ಪುರಸಭೆ ಪ್ರಕರಣ. ಚರಂಡಿ ಕಟ್ಟಿಸಲು ಹಣವಿಲ್ಲ ಎಂಬ ಪುರಸಭೆಯ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೀರ್ಪು ಚಿಕ್ಕದು, ಭಾಷೆ ಸ್ಪಷ್ಟ. ಬಳಿಕ 1996ರ ವೆಲ್ಲೂರು ನಾಗರಿಕರ ವೇದಿಕೆ ಪ್ರಕರಣ. ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವನ್ನೂ, ಹಾನಿಯ ಬಗ್ಗೆ ವೈಜ್ಞಾನಿಕ ಖಚಿತತೆ ಇಲ್ಲದಿದ್ದರೂ ಮುನ್ನೆಚ್ಚರಿಕೆ ವಹಿಸಬೇಕೆಂಬ ತತ್ತ್ವವನ್ನೂ ಭಾರತದ ಕಾನೂನಿನ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ.

6. ಒಂದು ಯೋಜನೆಯ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿ

ಎರಡನೆಯ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಕಂಡಿಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆ ಮೊದಲಾದವುಗಳಿಗೆ ಮುಂಚಿತವಾಗಿ ಪರಿಸರ ಅನುಮತಿ ಪಡೆಯಬೇಕು. ‘ಎ’ ವರ್ಗದ ಯೋಜನೆಗಳನ್ನು ಕೇಂದ್ರ ಸಚಿವಾಲಯವೂ, ‘ಬಿ’ ವರ್ಗದವುಗಳನ್ನು ರಾಜ್ಯಮಟ್ಟದ ಪ್ರಾಧಿಕಾರವೂ ಪರಿಶೀಲಿಸುತ್ತವೆ. ಅರ್ಜಿ, ವರದಿ, ಸಭೆಯ ನಡಾವಳಿಗಳು ‘ಪರಿವೇಶ್’ ಪೋರ್ಟಲ್‌ನಲ್ಲಿ ಸಿಗುತ್ತವೆ. ನಿಮ್ಮ ಜಿಲ್ಲೆಯ ಒಂದು ಯೋಜನೆಯನ್ನು ಆರಿಸಿಕೊಂಡು ಅದರ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ.

ಪತ್ರಿಕೆಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿಸುವ ಸಾರ್ವಜನಿಕ ಆಲಿಕೆಯ ಪ್ರಕಟಣೆಯಿಂದ ಆರಂಭಿಸಬಹುದು. ಆಲಿಕೆ ಎಂದರೆ ಯೋಜನೆಯಿಂದ ಬಾಧಿತರಾಗುವವರ ಮಾತನ್ನು ಸರ್ಕಾರ ಸ್ಥಳದಲ್ಲೇ ಕೇಳುವ ಸಭೆ. ಒಂದು ರಾಷ್ಟ್ರಮಟ್ಟದ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ಜನರಿಗೆ ಕನಿಷ್ಠ 30 ದಿನಗಳ ಸಮಯ ಸಿಗಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ಜಿಲ್ಲಾ ಕೈಗಾರಿಕಾ ಕೇಂದ್ರದಂಥ ಕಡೆಗಳಲ್ಲಿ ಓದಲು ಇರಬೇಕು. ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಪ್ರಕಟಣೆಯ ದಿನಾಂಕವನ್ನೂ ಸಭೆಯ ದಿನಾಂಕವನ್ನೂ ಬರೆದುಕೊಂಡು ದಿನಗಳನ್ನು ಎಣಿಸಿ. ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ವರದಿಯನ್ನು ಕೇಳಿ ಓದಿ. ಕನ್ನಡ ಸಾರಾಂಶವನ್ನು ಇಂಗ್ಲಿಷ್ ಮೂಲದ ಪಕ್ಕದಲ್ಲಿಟ್ಟು, ಮುಳುಗಡೆ ಪ್ರದೇಶ, ಕಡಿಯುವ ಮರಗಳ ಸಂಖ್ಯೆ, ನೀರಿನ ಮೂಲ ಈ ಮೂರು ಅಂಕಿಗಳು ಎರಡರಲ್ಲೂ ಒಂದೇ ಇವೆಯೇ ಎಂದು ಹೋಲಿಸಿ.

ವರದಿ ನೂರಾರು ಪುಟಗಳಿರುತ್ತದೆ. ಮೊದಲ ಸಲ ಇಡೀ ವರದಿಯನ್ನು ಓದಲು ಹೋಗಿ ಸೋಲಬೇಡಿ. ಮೂರು ಅಧ್ಯಾಯ ಸಾಕು. ಒಂದು, ಬೇರೆ ಜಾಗ ಅಥವಾ ಬೇರೆ ವಿಧಾನದ ಪರಿಶೀಲನೆ: ಪರ್ಯಾಯಗಳನ್ನು ನಿಜವಾಗಿ ತೂಗಿ ನೋಡಿದ್ದಾರೋ, ಒಂದೆರಡು ವಾಕ್ಯದಲ್ಲಿ ತಳ್ಳಿಹಾಕಿದ್ದಾರೋ ಎಂಬುದು ಇಲ್ಲಿ ತಿಳಿಯುತ್ತದೆ. ಎರಡು, ಈಗಿನ ಸ್ಥಿತಿಯ ವಿವರ, ಅಂದರೆ ಯೋಜನೆ ಬರುವ ಮೊದಲಿನ ಗಾಳಿ, ನೀರು, ಜೀವಿಗಳ ಅಳತೆ. ಈ ಅಳತೆಯನ್ನು ಹೆಚ್ಚಿನ ಯೋಜನೆಗಳಲ್ಲಿ ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಮಾಡಿರುತ್ತಾರೆ. ಮಲೆನಾಡಿನ ಹಳ್ಳ, ಕಪ್ಪೆ, ಮೀನುಗಳ ಲೆಕ್ಕ ಮಳೆಗಾಲವಿಲ್ಲದೆ ಎಷ್ಟು ಪೂರ್ಣವಾದೀತು ಎಂದು ನೀವೇ ಯೋಚಿಸಿ. ಇಂಥ ಒಂದು ಪ್ರಶ್ನೆಯಿಂದಲೇ ಒಳ್ಳೆಯ ಪ್ರಬಂಧ ಹುಟ್ಟುತ್ತದೆ. ಮೂರು, ಪರಿಸರ ನಿರ್ವಹಣಾ ಯೋಜನೆ: ಹಾನಿ ತಗ್ಗಿಸಲು ಯಾವ ಕೆಲಸಕ್ಕೆ ಎಷ್ಟು ಹಣ ಇಟ್ಟಿದ್ದಾರೆ ಎಂಬ ಪಟ್ಟಿ ಇಲ್ಲಿರುತ್ತದೆ.

ಸಾಧ್ಯವಾದರೆ ಸಭೆಗೆ ಹೋಗಿ ಕುಳಿತುಕೊಳ್ಳಿ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾ ದಂಡಾಧಿಕಾರಿಗಿಂತ ಕೆಳಗಿನವರಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಷ್ಟೇ ಜನ ಸೇರಬೇಕೆಂಬ ಕನಿಷ್ಠ ಸಂಖ್ಯೆ ಇಲ್ಲ. ಇಡೀ ಸಭೆಯ ವಿಡಿಯೊ ಚಿತ್ರೀಕರಣವಾಗಬೇಕು. ಎತ್ತಿದ ವಿಷಯಗಳ ಹೇಳಿಕೆಯನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಬೇಕು. ಕೆಲವು ತಿಂಗಳ ನಂತರ, ಅರ್ಜಿಯನ್ನು ಪರಿಶೀಲಿಸುವ ತಜ್ಞರ ಸಮಿತಿಯ ನಡಾವಳಿ ಪ್ರಕಟವಾದಾಗ, ಸಭೆಯಲ್ಲಿ ಜನ ಕೇಳಿದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಅದರಲ್ಲಿ ಉತ್ತರವಿದೆ ಎಂದು ಒಂದೊಂದಾಗಿ ಗುರುತು ಹಾಕಿ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯಂಥ, ರಾಜ್ಯವೆಲ್ಲ ಚರ್ಚಿಸುವ ಯೋಜನೆಯನ್ನು ಮೊದಲ ಅಭ್ಯಾಸಕ್ಕೆ ತೆಗೆದುಕೊಳ್ಳದಿರುವುದು ಒಳ್ಳೆಯದು. ಕಡತ ದೊಡ್ಡದು, ಸುತ್ತಲಿನ ವಾದಗಳು ಇನ್ನೂ ದೊಡ್ಡವು. ನಿಮ್ಮ ತಾಲ್ಲೂಕಿನ ಒಂದು ಕಲ್ಲುಗಣಿಯೋ ಸಕ್ಕರೆ ಕಾರ್ಖಾನೆಯ ವಿಸ್ತರಣೆಯೋ ಇದ್ದರೆ ಅದರಿಂದ ಆರಂಭಿಸಿ.

ಅನುಮತಿ ಸಿಕ್ಕ ಮೇಲೆ ಕಡತ ಮುಗಿಯುವುದಿಲ್ಲ. ಅನುಮತಿ ಪತ್ರದಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ. ಅವುಗಳ ಪಾಲನೆಯ ಬಗ್ಗೆ ಯೋಜನೆಯವರು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ವರದಿ ಸಲ್ಲಿಸಬೇಕು. ಆ ವರದಿಗಳು ಸಾರ್ವಜನಿಕ ದಾಖಲೆಗಳು. ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನಗಳ ಅವಧಿ ಇದೆ, ತಕ್ಕ ಕಾರಣವಿದ್ದರೆ ಇನ್ನು 60 ದಿನ. ಕರ್ನಾಟಕದ ಪ್ರಕರಣಗಳು ಚೆನ್ನೈನಲ್ಲಿರುವ ದಕ್ಷಿಣ ಪೀಠಕ್ಕೆ ಹೋಗುತ್ತವೆ. ಈ ಅವಧಿ ಮೀರಿದ್ದರಿಂದಲೇ ಬಿದ್ದುಹೋಗುವ ಅರ್ಜಿಗಳಿವೆ ಎಂಬುದನ್ನು ನೀತಿಯ ವಿದ್ಯಾರ್ಥಿ ನೆನಪಿಡಬೇಕು.

7. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕಲಿಯಿರಿ

ಪೋರ್ಟಲ್‌ನಲ್ಲಿ ಸಿಗದ ಕಾಗದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವು. ಕರ್ನಾಟಕದ ನಿಯಮಗಳಲ್ಲಿ ಒಂದು ವಿಶೇಷ ಇದೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ವಿದ್ಯಾರ್ಥಿಗಳ ಅರ್ಜಿಗಳು ಹೆಚ್ಚಾಗಿ ತಿರಸ್ಕೃತವಾಗುವುದು ಇಲ್ಲಿ, ಮತ್ತು ಅವರು “ಏಕೆ” ಎಂದು ಕೇಳುವುದರಿಂದ. ಕೆರೆಗೆ ಕೊಳಚೆ ಬಿಡಲು ಏಕೆ ಅವಕಾಶ ಕೊಟ್ಟಿರಿ ಎಂಬುದಕ್ಕೆ ಉತ್ತರಿಸುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ. “ಇಂಥ ಕಾರ್ಖಾನೆಗೆ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನೀಡಿರುವ ಎಲ್ಲ ನೋಟಿಸುಗಳ ದೃಢೀಕೃತ ಪ್ರತಿ” ಎಂದು ಕೇಳಿ. ಕಚೇರಿಯ ಬಳಿ ಈಗಾಗಲೇ ಇರುವ ಕಾಗದವನ್ನು ಹೆಸರಿಸಿ ಕೇಳಿದರೆ ನಿರಾಕರಿಸುವುದು ಅವರಿಗೂ ಕಷ್ಟ. ಉತ್ತರ ಬಾರದಿದ್ದರೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಪ್ರಬಂಧ ಸಲ್ಲಿಸುವ ತಿಂಗಳಲ್ಲಿ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಒಂದು ವರ್ಷ ಮೊದಲೇ ಹಾಕಿ.

8. ಅಂಕಿಅಂಶ ಮತ್ತು ನಕ್ಷೆ

ಇವೆರಡೂ ಖರ್ಚಿಲ್ಲದೆ ಕಲಿಯಬಹುದಾದ ಕೌಶಲಗಳು. ನಕ್ಷೆಗೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಇದೆ; ಇಸ್ರೋದ ಭುವನ್ ಜಾಲತಾಣದಲ್ಲಿ ಉಪಗ್ರಹ ಚಿತ್ರಗಳಿವೆ; ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತಿರುವ ಜಾಗದ ಸರ್ವೆ ನಂಬರ್ ನೋಡಬಹುದು. ಕೆರೆಯ ಒತ್ತುವರಿ, ಗಣಿಯ ಗಡಿ, ರಾಜಕಾಲುವೆಯ ದಾರಿ ಇವುಗಳ ಬಗ್ಗೆ ಬರೆಯುವವರಿಗೆ ಸರ್ವೆ ನಂಬರ್ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗುವುದಿಲ್ಲ.

ಅಂಕಿಅಂಶಕ್ಕೆ ನಿಮ್ಮ ಊರಿನ ಗಾಳಿಯ ಗುಣಮಟ್ಟದಿಂದ ಆರಂಭಿಸಿ. ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸೂಕ್ಷ್ಮ ದೂಳಿನ ಕಣಗಳಿಗೆ ಭಾರತದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ 5. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಇವೆ. ಇವುಗಳಲ್ಲಿ ಒಂದು ನಗರದ ಒಂದು ವರ್ಷದ ಅಳತೆಗಳನ್ನು ಇಳಿಸಿಕೊಂಡು, ಸರಾಸರಿ ತೆಗೆಯುವ ಮುನ್ನ ಎಷ್ಟು ದಿನಗಳ ಅಳತೆಯೇ ದಾಖಲಾಗಿಲ್ಲ ಎಂದು ಎಣಿಸಿ. ಖಾಲಿ ದಿನಗಳು ಹೆಚ್ಚಿದ್ದರೆ ಆ ಸರಾಸರಿಯನ್ನು ಆಧರಿಸಿ ಗಾಳಿ ಸುಧಾರಿಸಿತು ಅಥವಾ ಕೆಟ್ಟಿತು ಎಂದು ಬರೆಯಲು ಬರುವುದಿಲ್ಲ.

9. ಅಂತಿಮ ವರ್ಷದ ಪ್ರಬಂಧಕ್ಕೆ ಚಿಕ್ಕ ಪ್ರಶ್ನೆಯನ್ನು ಆರಿಸಿ

“ಪಶ್ಚಿಮ ಘಟ್ಟಗಳ ಸಂರಕ್ಷಣೆ” ಎಂಬುದು ಪ್ರಬಂಧದ ವಿಷಯವಾಗಲಾರದು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಇಡೀ ಘಟ್ಟಪ್ರದೇಶವನ್ನು ಸೂಕ್ಷ್ಮವೆಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸಿತು. ಕಸ್ತೂರಿರಂಗನ್ ನೇತೃತ್ವದ ಕಾರ್ಯಪಡೆ 2013ರಲ್ಲಿ ಸುಮಾರು ಶೇ. 37 ಭಾಗವನ್ನು ಮಾತ್ರ ಗುರುತಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಈ ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಲು ಕೇಂದ್ರ ಸರ್ಕಾರ ಮತ್ತೆ ಮತ್ತೆ ಕರಡು ಅಧಿಸೂಚನೆ ಹೊರಡಿಸಿದೆ, ರಾಜ್ಯ ಸರ್ಕಾರ ವಿರೋಧಿಸುತ್ತ ಬಂದಿದೆ. ಇಷ್ಟು ದೊಡ್ಡ ವಿಷಯದಿಂದ ಒಂದೇ ಗ್ರಾಮ ಪಂಚಾಯತಿಯನ್ನು ತೆಗೆದುಕೊಳ್ಳಿ. ಅಲ್ಲಿನ ಗ್ರಾಮಸಭೆಯ ನಡಾವಳಿಯಲ್ಲಿ ಈ ಕರಡಿನ ಬಗ್ಗೆ ಏನು ದಾಖಲಾಗಿದೆ, ಕರಡಿನ ಕನ್ನಡ ಪಾಠ ಅಲ್ಲಿಗೆ ತಲುಪಿತ್ತೇ, ಜನ ಹೆದರಿದ್ದು ಕರಡಿನಲ್ಲಿ ನಿಜವಾಗಿ ಇರುವ ನಿರ್ಬಂಧಗಳಿಗೋ ಇಲ್ಲದ ನಿರ್ಬಂಧಗಳಿಗೋ ಎಂದು ಕೇಳಿ ನೋಡಿ. ಅಡಿಕೆ ತೋಟದವರ, ಸೊಪ್ಪಿನ ಬೆಟ್ಟ ಅವಲಂಬಿಸಿದವರ, ಕೂಲಿಗೆ ಹೋಗುವವರ ಉತ್ತರಗಳು ಬೇರೆ ಬೇರೆ ಇರುತ್ತವೆ. ಅವನ್ನು ಬೇರೆಯಾಗಿಯೇ ದಾಖಲಿಸಿ.

ಬಳ್ಳಾರಿ ಕಡೆಯವರಿಗೆ ಇನ್ನೊಂದು ವಿಷಯ ಕೈಗೆಟುಕುವಲ್ಲೇ ಇದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳಿಕ ಅಕ್ರಮದ ಪ್ರಮಾಣವನ್ನು ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಲಾಯಿತು; ಎ ಮತ್ತು ಬಿ ವರ್ಗದವಕ್ಕೆ ಪುನಶ್ಚೇತನ ಯೋಜನೆ ರೂಪಿಸಿದ ನಂತರವೇ ಮತ್ತೆ ಆರಂಭಿಸಲು ಅವಕಾಶ ಕೊಡಲಾಯಿತು. ಒಂದೇ ಗಣಿಯ ಪುನಶ್ಚೇತನ ಯೋಜನೆಯ ಕಾಗದವನ್ನೂ ಇಂದಿನ ಸ್ಥಳದ ಸ್ಥಿತಿಯನ್ನೂ ಹೋಲಿಸಿದರೆ ಅದೇ ಒಂದು ಪೂರ್ಣ ಪ್ರಬಂಧ.

ಕ್ಷೇತ್ರಕ್ಕೆ ಹೋಗುವಾಗ ಕಾಲೇಜಿನ ಪತ್ರ ಜೊತೆಗಿರಲಿ, ಮಾತನಾಡಿಸಿದವರ ಒಪ್ಪಿಗೆ ಪಡೆಯಿರಿ, ಕಾರ್ಖಾನೆ ಅಥವಾ ಗಣಿಯ ಆವರಣದೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ. ವಿವಾದವಿರುವ ಕಡೆ ಒಬ್ಬರೇ ಹೋಗಬಾರದು. ಹೆಸರು ಹೇಳಲು ಹಿಂಜರಿದವರ ಹೆಸರು ನಿಮ್ಮ ಟಿಪ್ಪಣಿ ಪುಸ್ತಕದಲ್ಲೂ ಇರದಿದ್ದರೆ ಒಳ್ಳೆಯದು.

10. ಪದವಿಯ ನಂತರದ ಅರ್ಜಿಗಳು

ಪದವಿಯೊಂದರಿಂದಲೇ ನೀತಿ ವಿಶ್ಲೇಷಕರ ಹುದ್ದೆ ಸಿಗುವುದು ಕಡಿಮೆ. ಸಂಶೋಧನಾ ಸಹಾಯಕ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಸಂಯೋಜಕ, ಪರಿಸರ ಸಲಹಾ ಸಂಸ್ಥೆಗಳಲ್ಲಿ ವರದಿ ಬರೆಯುವ ಕೆಲಸ, ಪತ್ರಿಕೋದ್ಯಮ ಇವು ಮೊದಲ ಮೆಟ್ಟಿಲುಗಳು. ಸಲಹಾ ಸಂಸ್ಥೆಗೆ ಸೇರುವವರು, ಯೋಜನೆಯ ಪರಿಣಾಮವನ್ನು ಅಂದಾಜು ಮಾಡುವ ಸಂಸ್ಥೆಗೆ ಹಣ ಕೊಡುವುದು ಯೋಜನೆಯ ಮಾಲೀಕರೇ ಎಂಬುದನ್ನು ತಿಳಿದೇ ಸೇರಬೇಕು. ಅಳತೆಗಳನ್ನು ಇದ್ದಂತೆ ಬರೆಯುವ ಧೈರ್ಯ ಅಲ್ಲಿ ಪ್ರತಿ ವಾರ ಪರೀಕ್ಷೆಗೆ ಒಳಗಾಗುತ್ತದೆ. ಮುಂದೆ ಓದುವವರಿಗೆ ರಾಷ್ಟ್ರೀಯ ಕಾನೂನು ಶಾಲೆಯ ಸಾರ್ವಜನಿಕ ನೀತಿ ಸ್ನಾತಕೋತ್ತರ ಪದವಿ, ದೆಹಲಿಯ ಟೆರಿ ಸ್ಕೂಲ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್, ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇವೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಬಹುದು.

ಅರ್ಜಿಯ ಜೊತೆ ಬರವಣಿಗೆಯ ಮಾದರಿ ಕೇಳುವ ಕಡೆ, 6ನೆಯ ಹಂತದಲ್ಲಿ ಓದಿದ ಕಡತದ ಬಗ್ಗೆ ನಾಲ್ಕು ಪುಟಗಳ ಟಿಪ್ಪಣಿಯನ್ನು ಕಳುಹಿಸಿ: ಯೋಜನೆ ಏನು, ಕಾನೂನು ಏನು ಕೇಳುತ್ತದೆ, ದಾಖಲೆಗಳಲ್ಲಿ ಏನಿದೆ, ಏನಿಲ್ಲ, ನಿಮ್ಮ ಶಿಫಾರಸು ಏನು. ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧವಾಗಿಟ್ಟುಕೊಳ್ಳಿ. ಇಂಗ್ಲಿಷ್ ಪ್ರತಿ ಪ್ರವೇಶ ಸಮಿತಿಗೆ ಬೇಕಾಗುತ್ತದೆ. ಕನ್ನಡ ಪ್ರತಿಯನ್ನು ಆ ಯೋಜನೆಯ ಊರಿನ ಗ್ರಾಮ ಪಂಚಾಯತಿಗೆ, ನಿಮ್ಮೊಡನೆ ಮಾತನಾಡಿದವರಿಗೆ ತಪ್ಪದೆ ಕೊಡಿ.